ಕ್ಯಾಮೆರಾದೊಳಗಿನ ಒಂದು ಗಾಜಿನ ಕಥೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಮಾಡಿ, "ಸರ್, ಒಂದು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಆಂಟಿ-ಏಲಿಯಾಸಿಂಗ್ ಫಿಲ್ಟರ್ ಇರುವುದನ್ನು ತೆಗೆದುಕೊಳ್ಳಲೋ, ಇಲ್ಲದ್ದನ್ನೋ? ನಿಮ್ಮ ಹತ್ತಿರ ಇರುವುದು ಇಲ್ಲದ್ದೇ ಅಲ್ಲವೆ?" ಎಂದು ಕೇಳಿದನು. ಇತಿಹಾಸದ ಮೇಷ್ಟರನ್ನು ಇಂಥ ಪ್ರಶ್ನೆ ಕೇಳಿದರೆ ಉತ್ತರವು ಇಸವಿಗಳಿಂದಲೇ ಆರಂಭವಾಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವೆಂದು, ಬರೆಯುತ್ತೇನೆಂದು ಮಾತು ಕೊಟ್ಟೆ. ಅವನ ನೆಪದಲ್ಲಿ ನಿಮ್ಮೆಲ್ಲರಿಗೂ ಈ ಲೇಖನ. ನಮ್ಮ ಮನೆಯವರಿಗೆ ಮಾತ್ರ ಇದರಲ್ಲಿ ಅವ್ವನ ಸೀರೆಯ ಸಂಗತಿಯೂ ಇದೆ. ಅದನ್ನು ನಾನು ಈವರೆಗೆ ಸರಿಯಾಗಿ ಹೇಳಿರಲಿಲ್ಲ.

ಮೊದಲು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳೋಣ. ಫಿಲ್ಮ್ ಕ್ಯಾಮೆರಾದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಫಿಲ್ಮಿನ ಮೇಲಿನ ಬೆಳ್ಳಿಯ ಲವಣದ ಕಣಗಳು ಹೊಲದಲ್ಲಿ ಕೈಯಿಂದ ಎರಚಿದ ಕಾಳಿನಂತೆ ಅಡ್ಡಾದಿಡ್ಡಿಯಾಗಿ ಚೆಲ್ಲಿಕೊಂಡಿರುತ್ತವೆ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಹಾಗಲ್ಲ. ಅದರಲ್ಲಿ ಬೆಳಕನ್ನು ಅಳೆಯುವ ಬಿಂದುಗಳು, ಎಂದರೆ ಪಿಕ್ಸೆಲ್‌ಗಳು, ಕೂರಿಗೆಯಿಂದ ಬಿತ್ತಿದಂತೆ ಸಾಲುಸಾಲಾಗಿ, ಸಮಾನ ಅಂತರದಲ್ಲಿ ಕುಳಿತಿರುತ್ತವೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿ. ಎರಡರಲ್ಲಿಯೂ ಇಲ್ಲದ ಅಲೆಯಂಥ ಮೂರನೆಯ ಚಿತ್ರವೊಂದು ಕಾಣಿಸುತ್ತದೆ. ಕ್ಯಾಮೆರಾದಲ್ಲಿ ಒಂದು ಜಾಲರಿ ಸದಾ ಇದ್ದೇ ಇರುತ್ತದೆ. ಎದುರಿಗೆ ಇನ್ನೊಂದು ಜಾಲರಿ, ಅಂದರೆ ಬಟ್ಟೆಯ ನೇಯ್ಗೆಯೋ ಕಿಟಕಿಯ ಸರಳುಗಳೋ ಬಂದು ನಿಂತವೆಂದರೆ ಅಲೆಗಳು ಹುಟ್ಟಬಹುದು. ಕಂಪ್ಯೂಟರಿನ ಪರದೆಯನ್ನು ಮೊಬೈಲಿನಿಂದ ಫೋಟೋ ತೆಗೆದವರೆಲ್ಲರೂ ಈ ಬಣ್ಣದ ಅಲೆಗಳನ್ನು ಕಂಡಿದ್ದೀರಿ. ಇದಕ್ಕೆ ಮೊಯ್ರೆ ಎಂದು ಹೆಸರು. ಫ್ರೆಂಚರಲ್ಲಿ ಅದು ನೀರಿನ ಅಲೆಯಂಥ ಹೊಳಪುಳ್ಳ ರೇಷ್ಮೆ ಬಟ್ಟೆಯ ಹೆಸರು. ಇಂಗ್ಲೆಂಡಿನ ಲಾರ್ಡ್ ರೇಲಿ 1874ರಷ್ಟು ಹಿಂದೆಯೇ, ಸೂಕ್ಷ್ಮ ಗೆರೆಗಳನ್ನು ಕೊರೆದ ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟಾಗ ಮೂಡುವ ಇಂಥ ಪಟ್ಟೆಗಳನ್ನು ಗಮನಿಸಿ ಬರೆದಿದ್ದರು.

ಇನ್ನು "ಏಲಿಯಾಸಿಂಗ್" ಎಂಬ ಮಾತು. ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ "ಇಂಥವನು ಅಲಿಯಾಸ್ ಇಂಥವನು" ಎಂದು ಓದುತ್ತೀರಲ್ಲ, ಅದೇ ಪದ. ಸೂಕ್ಷ್ಮವಾದ ವಿನ್ಯಾಸವೊಂದು ತನ್ನ ಹೆಸರನ್ನು ಮರೆಮಾಚಿ, ದಪ್ಪನೆಯ ಬೇರೊಂದು ವಿನ್ಯಾಸದ ಹೆಸರಿನಲ್ಲಿ ಚಿತ್ರದೊಳಗೆ ನುಸುಳುವುದೇ ಏಲಿಯಾಸಿಂಗ್. ಇದು ಹೇಗೆ ಸಾಧ್ಯವೆಂಬುದಕ್ಕೆ ತರಗತಿಯ ಉದಾಹರಣೆ ಕೊಡುತ್ತೇನೆ. ಗೋಡೆ ಗಡಿಯಾರದ ನಿಮಿಷದ ಮುಳ್ಳನ್ನು ನೀವು 55 ನಿಮಿಷಕ್ಕೊಮ್ಮೆ ಮಾತ್ರ ನೋಡುತ್ತೀರೆಂದು ಇಟ್ಟುಕೊಳ್ಳಿ. ಮೊದಲು 12ರ ಮೇಲೆ, ಆಮೇಲೆ 11ರ ಮೇಲೆ, ಆಮೇಲೆ 10ರ ಮೇಲೆ. ಮುಳ್ಳು ನಿಧಾನವಾಗಿ ಹಿಂದಕ್ಕೆ ಹೋಗುತ್ತಿದೆಯೆಂದು ನೀವು ಪ್ರಾಮಾಣಿಕವಾಗಿಯೇ ಬರೆದಿಡುವಿರಿ. ನೋಡಿದ್ದರಲ್ಲಿ ತಪ್ಪಿಲ್ಲ; ಸಾಕಷ್ಟು ಸಲ ನೋಡದಿದ್ದುದೇ ತಪ್ಪು. ಸಿನಿಮಾದಲ್ಲಿ ಮುಂದೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದೂ ಇದೇ ಕಾರಣದಿಂದ.

ಎಷ್ಟು ಸಲ ನೋಡಿದರೆ ಸಾಕು? 1928ರಲ್ಲಿ ಅಮೆರಿಕೆಯ ಹ್ಯಾರಿ ನೈಕ್ವಿಸ್ಟ್ ಅವರು ತಂತಿ ಸಂದೇಶಗಳ ವೇಗದ ಬಗ್ಗೆ ಬರೆಯುತ್ತ ಇದರ ಬೀಜವನ್ನು ಬಿತ್ತಿದರು. 1933ರಲ್ಲಿ ಸೋವಿಯತ್ ದೇಶದ ವ್ಲಾದಿಮಿರ್ ಕೊಟೆಲ್ನಿಕೋವ್, 1949ರಲ್ಲಿ ಅಮೆರಿಕೆಯ ಕ್ಲಾಡ್ ಶಾನನ್ ಅದನ್ನು ಖಚಿತವಾದ ಪ್ರಮೇಯದ ರೂಪದಲ್ಲಿ ಇಟ್ಟರು. ಕ್ಯಾಮೆರಾದ ಮಟ್ಟಿಗೆ ಅದರ ಸಾರ ಇಷ್ಟು: ಒಂದು ಕಪ್ಪು ಗೆರೆ ಮತ್ತು ಅದರ ಪಕ್ಕದ ಒಂದು ಬಿಳಿ ಗೆರೆಯನ್ನು ಹಿಡಿಯಬೇಕಾದರೆ ಎರಡು ಪಿಕ್ಸೆಲ್‌ಗಳಿಗಿಂತ ಹೆಚ್ಚು ಬೇಕು. ಗೆರೆಗಳು ಅದಕ್ಕಿಂತ ಸೂಕ್ಷ್ಮವಾದರೆ ಸೆನ್ಸರ್ ಸುಮ್ಮನಿರುವುದಿಲ್ಲ, ಸುಳ್ಳು ಗೆರೆಯನ್ನು ಬರೆಯುತ್ತದೆ. ಒಮ್ಮೆ ಬರೆದ ಮೇಲೆ ಅದು ಸುಳ್ಳೋ ನಿಜವೋ ಎಂದು ಆ ಚಿತ್ರವೊಂದನ್ನೇ ನೋಡಿ ನಿರ್ಧರಿಸುವ ಖಚಿತವಾದ ಉಪಾಯವಿಲ್ಲ.

ಈ ತೊಡಕು ಬಣ್ಣದಿಂದಾಗಿ ಇನ್ನಷ್ಟು ಹೆಚ್ಚಿತು. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಜೋಡಿಸಿದರು. ಅದರಲ್ಲಿ ಇದ್ದುದು 100 ಸಾಲುಗಳ 100 ಪಿಕ್ಸೆಲ್, ಒಟ್ಟು ಕೇವಲ 10,000. ಕಪ್ಪು ಬಿಳುಪಿನ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯಲು 23 ಸೆಕೆಂಡು ಬೇಕಾಗುತ್ತಿತ್ತು. ಅದೇ ಕಂಪನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಆ ಕಾಲದಲ್ಲಿಯೇ ಬಣ್ಣದ ಪ್ರಶ್ನೆಯನ್ನು ಬಿಡಿಸಿ 1976ರಲ್ಲಿ ಪೇಟೆಂಟ್ ಪಡೆದರು. ಪ್ರತಿ ಪಿಕ್ಸೆಲ್ಲಿನ ಮೇಲೆ ಒಂದೊಂದು ಬಣ್ಣದ ಪುಟ್ಟ ಗಾಜು: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ನಮ್ಮ ಕಣ್ಣು ಸೂಕ್ಷ್ಮತೆಯನ್ನು ಹೆಚ್ಚಾಗಿ ಹಸಿರಿನ ಆಸುಪಾಸಿನ ಬೆಳಕಿನಲ್ಲಿಯೇ ಗುರುತಿಸುವುದರಿಂದ ಹಸಿರಿಗೆ ಇಮ್ಮಡಿ ಪಾಲು. ಒಂದು ಪಿಕ್ಸೆಲ್ ಒಂದೇ ಬಣ್ಣವನ್ನು ಕಾಣುತ್ತದೆ; ಉಳಿದೆರಡನ್ನು ನೆರೆಹೊರೆಯವರನ್ನು ಕೇಳಿ ಊಹಿಸಿಕೊಳ್ಳುತ್ತದೆ. ಇಂದಿಗೂ ಬಹುತೇಕ ಕ್ಯಾಮೆರಾಗಳು ಈ ವಿನ್ಯಾಸವನ್ನೇ ಬಳಸುತ್ತವೆ. ಆದರೆ ಕೆಂಪು, ನೀಲಿ ಬಿಂದುಗಳು ದೂರದೂರ ಇರುವುದರಿಂದ ಆ ಬಣ್ಣಗಳಲ್ಲಿ ಮೋಸ ಬೇಗ ಆಗುತ್ತದೆ. ಸುಳ್ಳು ಅಲೆಗಳು ನೇರಳೆ, ಹಸಿರು ಬಣ್ಣದಲ್ಲಿ ಕಾಣುವುದು ಇದರಿಂದಲೇ.

ಪರಿಹಾರ ಹುಡುಕಿದವರು ಒಂದು ಹಳೆಯ ವಿಸ್ಮಯದ ಮೊರೆ ಹೊಕ್ಕರು. 1669ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ಬಾರ್ತೋಲಿನ್ ಎಂಬ ಪಂಡಿತರು ಐಸ್‌ಲ್ಯಾಂಡಿನಿಂದ ಬಂದ ಒಂದು ಪಾರದರ್ಶಕ ಹರಳಿನ ಮೂಲಕ ನೋಡಿದರೆ ಪ್ರತಿಯೊಂದು ವಸ್ತುವೂ ಎರಡಾಗಿ ಕಾಣುವುದನ್ನು ವರ್ಣಿಸಿದ್ದರು. ಬೆಳಕಿನ ಒಂದು ಕಿರಣ ಒಳಹೊಕ್ಕು ಎರಡಾಗಿ ಹೊರಬರುವ ಈ ಗುಣವು ಸ್ಫಟಿಕ ಶಿಲೆಯಲ್ಲಿಯೂ, ಲಿಥಿಯಂ ನಯೋಬೇಟ್ ಎಂಬ ಹರಳಿನಲ್ಲಿಯೂ ಇದೆ. ಅಂಥ ಒಂದು ತೆಳುವಾದ ಬಿಲ್ಲೆಯನ್ನು ಸೆನ್ಸರಿನ ಮುಂದೆ ಇಟ್ಟರೆ ಒಂದು ಬಿಂದು ಅಡ್ಡಲಾಗಿ ಎರಡಾಗುತ್ತದೆ. ಇನ್ನೊಂದು ಬಿಲ್ಲೆ ಆ ಎರಡನ್ನು ಉದ್ದಕ್ಕೆ ಸೀಳಿ ನಾಲ್ಕು ಮಾಡುತ್ತದೆ. ನಾಲ್ಕೂ ಅಕ್ಕಪಕ್ಕದ ಪಿಕ್ಸೆಲ್‌ಗಳ ಮೇಲೆ ಬೀಳುತ್ತವೆ. ಅಂದರೆ ಚಿತ್ರವು ದಾಖಲಾಗುವ ಮುನ್ನವೇ, ಬೇಕೆಂದೇ, ಒಂದು ಕೂದಲೆಳೆಯಷ್ಟು ಮಸುಕಾಗುತ್ತದೆ. ಸುಳ್ಳು ಹೇಳಬಲ್ಲ ಅತಿಸೂಕ್ಷ್ಮ ಗೆರೆಗಳು ಬಾಗಿಲಲ್ಲಿಯೇ ತಡೆಯಲ್ಪಡುತ್ತವೆ. ಇದೇ ಆಂಟಿ-ಏಲಿಯಾಸಿಂಗ್ ಫಿಲ್ಟರ್. ನಾನು ಇನ್ನು ಮುಂದೆ ಶೋಧಕ ಎಂದು ಕರೆಯುತ್ತೇನೆ.

ಈ ಶೋಧಕದ ಬೆಲೆ ಎಂದರೆ ಆ ಮಸುಕೇ. ದುಬಾರಿ ಲೆನ್ಸು ಕಷ್ಟಪಟ್ಟು ತಂದುಕೊಟ್ಟ ಸೂಕ್ಷ್ಮ ವಿವರವನ್ನು ಒಂದು ಬಿಲ್ಲೆ ಅಳಿಸಿಹಾಕುವುದು ಹಲವರಿಗೆ ಸಹಿಸದಾಯಿತು. 2002ರಲ್ಲಿ ಸಿಗ್ಮಾ ಕಂಪನಿಯ ಎಸ್‌ಡಿ9 ಬೇರೆಯೇ ದಾರಿ ಹಿಡಿಯಿತು. ಅದರ ಫೋವಿಯನ್ ಸೆನ್ಸರ್ ಮೂರು ಬಣ್ಣಗಳನ್ನು ಒಂದೇ ಸ್ಥಳದಲ್ಲಿ ಮೂರು ಪದರಗಳಲ್ಲಿ ಅಳೆಯುತ್ತಿದ್ದುದರಿಂದ ಬಣ್ಣದ ಮೋಸ ಕಡಿಮೆಯೆಂದು ಶೋಧಕವನ್ನು ಬಿಟ್ಟರು. 2003ರಲ್ಲಿ ಮಾರುಕಟ್ಟೆಗೆ ಬಂದ ಕೊಡಕ್‌ನ ಡಿಸಿಎಸ್ 14ಎನ್ ಸುಮಾರು 1.4 ಕೋಟಿ ಪಿಕ್ಸೆಲ್‌ಗಳಿದ್ದರೂ ಶೋಧಕವಿಲ್ಲದೆ ಬಂದಿತು. ಲೈಕಾ ಕಂಪನಿಯು 2006ರ ತನ್ನ ಎಂ8ರಲ್ಲಿ ಶೋಧಕವನ್ನು ಕೈಬಿಟ್ಟಿತು. ಆ ಕ್ಯಾಮೆರಾದಲ್ಲಿ ಲೆನ್ಸು ಸೆನ್ಸರಿಗೆ ಬಹು ಹತ್ತಿರ ಇರುವುದರಿಂದ ಅಂಚಿನಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ. ದಪ್ಪ ಗಾಜು ಇಟ್ಟರೆ ಅಂಚು ಕೆಡುತ್ತದೆ. ಆದರೆ ಗಾಜನ್ನು ತೆಳುಮಾಡಿದಾಗ ಅವಕೆಂಪು ಕಿರಣಗಳು ಒಳನುಗ್ಗಿ ಕೆಲವು ಕಪ್ಪು ಕೃತಕ ಬಟ್ಟೆಗಳು ನೇರಳೆಯಾಗಿ ಕಂಡವು. ಕೊನೆಗೆ ಕಂಪನಿಯೇ ಕೊಂಡವರಿಗೆ ಲೆನ್ಸಿನ ಮುಂದೆ ತೊಡಿಸುವ ಬೇರೆ ಫಿಲ್ಟರುಗಳನ್ನು ಒದಗಿಸಬೇಕಾಯಿತು. ಒಂದು ಗಾಜನ್ನು ತೆಗೆದರೆ ಇನ್ನೊಂದನ್ನು ಹಾಕಬೇಕಾದ ಈ ಪ್ರಸಂಗ ನನಗೆ ಬಹಳ ಪಾಠ ಕಲಿಸಿದೆ.

2012 ಈ ಕಥೆಯಲ್ಲಿ ಮುಖ್ಯವಾದ ವರ್ಷ. ಜನವರಿಯಲ್ಲಿ ಕೊಡಕ್ ಕಂಪನಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಫೆಬ್ರವರಿಯಲ್ಲಿ ನಿಕಾನ್ ಕಂಪನಿಯು 3 ಕೋಟಿ 63 ಲಕ್ಷ ಪಿಕ್ಸೆಲ್‌ಗಳ ಡಿ800 ಮತ್ತು ಡಿ800ಇ ಎಂಬ ಅವಳಿಗಳನ್ನು ಪ್ರಕಟಿಸಿತು. ಮೊದಲನೆಯದರಲ್ಲಿ ಶೋಧಕವಿತ್ತು. ಎರಡನೆಯದರಲ್ಲಿ ಮೊದಲ ಬಿಲ್ಲೆ ಸೀಳಿದ ಕಿರಣವನ್ನು ಎರಡನೆಯ ಬಿಲ್ಲೆ ಮತ್ತೆ ಕೂಡಿಸಿ ಒಂದು ಮಾಡುತ್ತಿತ್ತು. ಅಮೆರಿಕೆಯಲ್ಲಿ ಮೊದಲನೆಯದರ ಬೆಲೆ ಸುಮಾರು 3,000 ಡಾಲರ್, ಎರಡನೆಯದು 3,300. ಶೋಧಕದ ಕೆಲಸವನ್ನು ರದ್ದುಮಾಡಿಸಿಕೊಳ್ಳಲು 300 ಡಾಲರ್ ಹೆಚ್ಚು! ಕೊಳ್ಳುವವನೇ ಆಯ್ಕೆ ಮಾಡಬೇಕಾದ ಸಂದರ್ಭ ಇಷ್ಟು ಸ್ಪಷ್ಟವಾಗಿ ಎದುರಾದುದು ಆಗಲೇ ಎನ್ನಬಹುದು. ಅದೇ ವರ್ಷ ಫ್ಯೂಜಿಫಿಲ್ಮ್ ಕಂಪನಿಯು ತನ್ನ ಎಕ್ಸ್-ಪ್ರೊ1ರಲ್ಲಿ ಬಣ್ಣದ ಬಿಂದುಗಳನ್ನು ಆರು ಸಾಲು ಆರು ಕಂಬದ ಮನೆಗಳಲ್ಲಿ ಬೇರೆ ಕ್ರಮದಿಂದ ಹಂಚಿ, ಶೋಧಕವಿಲ್ಲದೆಯೂ ಮೊಯ್ರೆ ತಗ್ಗಿಸುವ ಪ್ರಯತ್ನ ಮಾಡಿತು. ಆ ವರ್ಷದ ನವೆಂಬರಿನಲ್ಲಿ ಬ್ರೈಸ್ ಬೇಯರ್ ತೀರಿಕೊಂಡರು.

ಆಮೇಲೆ ಪ್ರವಾಹವೇ ಹರಿಯಿತು. 2013ರಲ್ಲಿ ನಿಕಾನ್ ಡಿ7100, ಸೋನಿ ಎ7ಆರ್, 2014ರಲ್ಲಿ ಹೊಸಬರಿಗಾಗಿಯೇ ಮಾಡಿದ ನಿಕಾನ್ ಡಿ3300 ಸಹ ಶೋಧಕವಿಲ್ಲದೆ ಬಂದವು. ಪೆಂಟ್ಯಾಕ್ಸ್ 2013ರ ಕೆ-3ರಲ್ಲಿ ಒಂದು ಜಾಣತನ ಮಾಡಿತು: ಶೋಧಕವಿಲ್ಲ, ಆದರೆ ಬೇಕಾದಾಗ ಸೆನ್ಸರನ್ನೇ ಅತಿಸೂಕ್ಷ್ಮವಾಗಿ ನಡುಗಿಸಿ ಅದೇ ಮಸುಕನ್ನು ಉಂಟುಮಾಡಬಹುದು. 2015ರಲ್ಲಿ ಕ್ಯಾನನ್ 5 ಕೋಟಿ ಪಿಕ್ಸೆಲ್‌ಗಳ ಅವಳಿಗಳನ್ನು, 5ಡಿಎಸ್ ಮತ್ತು 5ಡಿಎಸ್ ಆರ್ ಎಂದು, ನಿಕಾನಿನಂತೆಯೇ ಎರಡು ಬಗೆಯಲ್ಲಿ ಹೊರತಂದಿತು. ಈ ಧೈರ್ಯಕ್ಕೆ ಆಧಾರವಿತ್ತು. ಕೊಡಕ್ 14ಎನ್‌ನ ಪಿಕ್ಸೆಲ್ ಸುಮಾರು 8 ಮೈಕ್ರೋಮೀಟರ್ ಅಗಲವಿದ್ದರೆ, ಅಷ್ಟೇ ದೊಡ್ಡ ಸೆನ್ಸರಿನ 5ಡಿಎಸ್‌ನಲ್ಲಿ ಅದು ಸುಮಾರು 4ಕ್ಕೆ ಇಳಿದಿತ್ತು. ಜಾಲರಿ ಸಣ್ಣದಾದಷ್ಟೂ ಅದನ್ನು ಮೋಸಗೊಳಿಸಬಲ್ಲ ಗೆರೆ ಇನ್ನೂ ಸಣ್ಣದಿರಬೇಕು. ಅಂಥ ಗೆರೆಯನ್ನು ಲೆನ್ಸೇ ಎಷ್ಟೋ ಸಲ ಮಸುಕು ಮಾಡಿಬಿಡುತ್ತದೆ. ಕಷ್ಟ ಕಡಿಮೆಯಾಯಿತೇ ಹೊರತು ಇಲ್ಲವಾಗಲಿಲ್ಲ.

ಇನ್ನು ನನ್ನ ಕಥೆ. 2012ರಲ್ಲಿ ಅವ್ವ ತೀರಿಕೊಂಡ ಮೇಲೆ ಹಳೆಯ ಮನೆಯ ಪೆಟ್ಟಿಗೆಗಳನ್ನು ತೆರೆಯಬೇಕಾಯಿತು. ಒಂದರಲ್ಲಿ ಅಜ್ಜನ ಕಾಲದ ಜಮೀನಿನ ಮೋಡಿ ಲಿಪಿಯ ಕಾಗದಗಳು. ಮುಂಬಯಿ ಆಡಳಿತಕ್ಕೆ ಸೇರಿದ್ದ ನಮ್ಮ ಕಡೆ ಅಂಥ ದಾಖಲೆಗಳು ಅನೇಕ ಮನೆಗಳಲ್ಲಿವೆ. ಇನ್ನೊಂದರಲ್ಲಿ ಅವ್ವನ ಸೀರೆಗಳು. ಎಲ್ಲವನ್ನೂ ಫೋಟೋ ತೆಗೆದು ಇಡಬೇಕೆಂದು ನಿಶ್ಚಯಿಸಿ 2013ರ ಕೊನೆಯಲ್ಲಿ ಶೋಧಕವಿಲ್ಲದ ಕ್ಯಾಮೆರಾವನ್ನು ಕೊಂಡೆ. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಯಂತ್ರದ ದೋಷವೇನೂ ಇರಲಿಲ್ಲ. ಬೋರುವಿನಿಂದ ಎಳೆದ ಮೋಡಿ ಅಕ್ಷರದ ಕೂದಲೆಳೆಯಂಥ ಗೆರೆಯೂ ಬಿಡದೆ ಬರಬೇಕೆಂಬುದೇ ನನ್ನ ತರ್ಕ. ಕಾಗದಗಳ ಮಟ್ಟಿಗೆ ಆ ತರ್ಕ ಗೆದ್ದಿತು. ಮಸಿ ಹೀರಿಕೊಂಡ ಕಾಗದದ ನಾರು ಸಹ ಎಣಿಸುವಂತೆ ಬಂದಿತು. ಓದಲಾಗದ ಎರಡು ಸಾಲುಗಳನ್ನು ಆ ಚಿತ್ರದಿಂದಲೇ ಬಲ್ಲವರೊಬ್ಬರು ಓದಿಕೊಟ್ಟರು.

ಸೀರೆಗಳಲ್ಲಿ ಒಂದು ಕಡುನೀಲಿ ಇಳಕಲ್ ಸೀರೆ. ಟೋಪಿ ತೆನೆಯ ಸೆರಗು, ಮೈತುಂಬ ಎಳೆಯಷ್ಟೇ ತೆಳುವಾದ ಬಿಳಿಯ ಗೆರೆಗಳು. ಅವ್ವ ಅದನ್ನು ಉಟ್ಟು ನನ್ನನ್ನು ಮೊದಲ ದಿನ ಶಾಲೆಗೆ ಕರೆದೊಯ್ದಿದ್ದಳು. ಅಂಗಳದಲ್ಲಿ ಹಗ್ಗದ ಮೇಲೆ ಹರವಿ ಫೋಟೋ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೋ ಅಲೆಗಳು ಕಂಡವು. ದೊಡ್ಡ ಚಿತ್ರವನ್ನು ಸಣ್ಣ ಪರದೆಯಲ್ಲಿ ತೋರಿಸುವಾಗಲೂ ಹಾಗಾಗುವುದುಂಟೆಂದು ಓದಿದ್ದೆ. ಆದುದರಿಂದ ಪರದೆಯ ಮೋಸವೆಂದೇ ತಿಳಿದು ಸುಮ್ಮನಾದೆ. ಹಿಗ್ಗಿಸಿ ನೋಡುವ ಗುಂಡಿ ಬೆರಳಿನ ಕೆಳಗೇ ಇತ್ತು, ಒತ್ತಲಿಲ್ಲ. ಅದೇ ದಿನ ಸೋದರಳಿಯನೂ ತನ್ನ ಹಳೆಯ ಕ್ಯಾಮೆರಾದಿಂದ, ಶೋಧಕವಿದ್ದುದರಿಂದ, ಅದೇ ಸೀರೆಯನ್ನು ತೆಗೆದಿದ್ದನು. ಮರುವಾರ ಅಕ್ಕತಂಗಿಯರು ಸೀರೆಗಳನ್ನು ಕತ್ತರಿಸಿ, ಮೊಮ್ಮಕ್ಕಳಿಗೆ ಒಂದೊಂದರಂತೆ ಕೌದಿ ಹೊಲಿಯಲು ಕುಳಿತರು. ಅವ್ವನ ಆಸೆಯೂ ಅದೇ ಆಗಿತ್ತು.

ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ ಸೀರೆ ಕೌದಿಯಾಗಿಬಿಟ್ಟಿತ್ತು. ಚಿತ್ರದಲ್ಲಿ ಸೀರೆಯುದ್ದಕ್ಕೂ ನೇರಳೆ ಮತ್ತು ಹಸಿರು ಬಣ್ಣದ ಅಲೆಗಳು, ನೋಡಲು ಅಂದವಾಗಿಯೇ ಇದ್ದವು. ಎಷ್ಟು ಹಿಗ್ಗಿಸಿದರೂ ಹೋಗಲಿಲ್ಲ. ಬಣ್ಣವನ್ನು ತಂತ್ರಾಂಶದಿಂದ ಒಂದಿಷ್ಟು ತೆಗೆಯಬಹುದಾಯಿತು. ಆದರೆ ಅಲೆಯ ಕೆಳಗಿನ ಗೆರೆಗಳು ಮರಳಿ ಬರಲಿಲ್ಲ. ಸೋದರಳಿಯನ ಚಿತ್ರದಲ್ಲಿ ಅಲೆಯಿಲ್ಲ, ಗೆರೆಯೂ ಇಲ್ಲ. ಇಡೀ ಸೀರೆ ಒಂದು ಮಂದ ನೀಲಿ ಬಟ್ಟೆಯಂತೆ ಕಾಣುತ್ತಿತ್ತು. ನಾಚಿಕೆಯಿಂದ ನಾನು ಯಾರಿಗೂ ಹೇಳಲಿಲ್ಲ. ಕುಟುಂಬದವರು ಕೇಳಿದಾಗ ಚಂದ ಕಾಣುವ ನನ್ನ ಚಿತ್ರವನ್ನೇ ಮುದ್ರಿಸಿ ಹಂಚಿದೆ.

ಕೆಲವು ವರ್ಷಗಳ ಮೇಲೆ ಮೊಮ್ಮಗಳು ಆ ಚಿತ್ರವನ್ನು ಮತ್ತು ತನ್ನ ಕೌದಿಯನ್ನು ಒಟ್ಟಿಗೆ ತಂದು ಮುಂದಿಟ್ಟಳು. "ಅಜ್ಜಾ, ಫೋಟೋದೊಳಗ ಬಣ್ಣದ ಅಲಿ ಅದಾವ. ಕೌದ್ಯಾಗ ಬರೇ ಬಿಳಿ ಗೆರಿ ಅದಾವ. ಖರೇ ಸೀರಿ ಯಾವುದು?" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಆಕರಗಳನ್ನು ಪರೀಕ್ಷಿಸುವುದನ್ನು ಹೇಳಿಕೊಟ್ಟವನು ನಾನು. ಒಂದೇ ಶಾಸನವನ್ನು ನಂಬಿ ತೀರ್ಪು ಕೊಡಬೇಡಿರಿ ಎಂದವನೂ ನಾನೇ. ನನ್ನ ಮನೆಯಲ್ಲಿಯೇ ಒಂದು ಸುಳ್ಳು ದಾಖಲೆಯನ್ನು ನನ್ನ ಕೈಯಿಂದಲೇ ಹಂಚಿದ್ದೆ. ನನ್ನ ತಂಗಿಯೊಬ್ಬಳು ಆ ಚಿತ್ರವನ್ನು ನೋಡಿ ನೋಡಿ, ಅವ್ವನ ಸೀರೆಯಲ್ಲಿ ನವಿಲಿನ ಕತ್ತಿನ ಬಣ್ಣ ಮಿಂಚುತ್ತಿತ್ತೆಂದು ತನ್ನ ಮಕ್ಕಳಿಗೆ ಹೇಳಲೂ ಆರಂಭಿಸಿದ್ದಳಂತೆ. ಅಂದು ಕೌದಿಯ ತುಂಡನ್ನು ಬಿಸಿಲಿಗೆ ಹಿಡಿದು, ತೀರ ಹತ್ತಿರದಿಂದ, ಗೆರೆಗಳು ದಪ್ಪವಾಗಿ ಕಾಣುವಂತೆ ಫೋಟೋ ತೆಗೆದೆ. ಈಗ ಮೂರನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿದ್ದೇನೆ. ಮೊದಲ ಚಿತ್ರ ಯಾರ ಮನೆಯಲ್ಲಿದೆಯೋ ಅವರೆಲ್ಲರಿಗೂ ಈ ಹಾಳೆಯನ್ನು ಕಳುಹಿಸುತ್ತಿದ್ದೇನೆ. ಹಳೆಯದನ್ನು ಹರಿಯಬೇಡಿರಿ, ಅದರ ಬೆನ್ನಿಗೆ ಇದನ್ನು ಅಂಟಿಸಿರಿ.

ಆದುದರಿಂದ, ಪ್ರಶ್ನೆ ಕೇಳಿದ ಶಿಷ್ಯನೇ, ನಿನ್ನ ಆಯ್ಕೆ ಚೊಕ್ಕ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ನಡುವೆ ಅಲ್ಲ. ಶೋಧಕವಿರುವ ಕ್ಯಾಮೆರಾ ತನಗೆ ಸರಿಯಾಗಿ ಕಾಣದುದನ್ನು ಹೇಳದೆ ಸುಮ್ಮನಿರುವ ಸಾಕ್ಷಿ. ಶೋಧಕವಿಲ್ಲದ್ದು ಹೆಚ್ಚು ಕಂಡು ಹೆಚ್ಚು ಹೇಳುವ ಸಾಕ್ಷಿ. ಆದರೆ ಕಾಣದುದನ್ನೂ ಒಮ್ಮೊಮ್ಮೆ ಕಂಡಂತೆಯೇ ಹೇಳುತ್ತದೆ, ಅದೂ ಅದೇ ದನಿಯಲ್ಲಿ. ಕಾಡು, ಬಂಡೆ, ಹಳೆಯ ಕಾಗದ, ಶಾಸನ ಇವು ನಿನ್ನ ವಿಷಯವಾದರೆ ಶೋಧಕವಿಲ್ಲದ್ದನ್ನು ಕೊಳ್ಳು. ಪ್ರಕೃತಿಯಲ್ಲಿ ಜಾಲರಿಯಂಥ ಗೆರೆಗಳು ವಿರಳ. ಮದುವೆ, ಸೀರೆ, ಸಮವಸ್ತ್ರದ ಮಕ್ಕಳ ಗುಂಪು, ಜಾಲಂಧ್ರದ ಕಟ್ಟಡಗಳಾದರೆ ಶೋಧಕವಿರುವುದೇ ಲೇಸು. ಇಂದಿಗೂ ಎರಡೂ ಬಗೆಯವು ಇವೆ. ನಿಕಾನ್ 2018ರಲ್ಲಿ ಒಟ್ಟಿಗೇ ಪ್ರಕಟಿಸಿದ ಝಡ್6ರಲ್ಲಿ ಶೋಧಕವಿತ್ತು, ಹೆಚ್ಚು ಪಿಕ್ಸೆಲ್‌ಗಳ ಝಡ್7ರಲ್ಲಿ ಇರಲಿಲ್ಲ. ಕ್ಯಾನನ್ 2020ರ ಆರ್5ರಲ್ಲಿ 4.5 ಕೋಟಿ ಪಿಕ್ಸೆಲ್ ಇದ್ದರೂ ಶೋಧಕವನ್ನು ಉಳಿಸಿಕೊಂಡಿತು. ಜಾಣರಲ್ಲಿಯೂ ಒಮ್ಮತವಿಲ್ಲ.

ಶೋಧಕವಿಲ್ಲದ್ದನ್ನೇ ಕೊಂಡರೆ ಮೂರು ಮಾತು ನೆನಪಿಡು. ಸೂಕ್ಷ್ಮ ಗೆರೆಗಳ ವಸ್ತುವನ್ನು ಒಂದೇ ದೂರದಿಂದ ತೆಗೆಯಬೇಡ. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ನಿಂತು ಇನ್ನೆರಡು ತೆಗೆ. ಸುಳ್ಳು ಅಲೆ ದೂರದೊಂದಿಗೆ ಆಕಾರ ಬದಲಿಸುತ್ತದೆ, ನಿಜವಾದ ಗೆರೆ ಬದಲಿಸುವುದಿಲ್ಲ. ಲೆನ್ಸಿನ ರಂಧ್ರವನ್ನು ಎಫ್ 16ರಷ್ಟು ಕಿರಿದು ಮಾಡಿದರೆ ಬೆಳಕು ತಾನಾಗಿಯೇ ಚದುರಿ ಶೋಧಕದ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ಕೊನೆಯದಾಗಿ, ಚಿತ್ರವನ್ನು ಪೂರ್ಣ ಗಾತ್ರದಲ್ಲಿ ಹಿಗ್ಗಿಸಿ ನೋಡುವವರೆಗೂ ಎದುರಿನ ವಸ್ತುವನ್ನು ಕೈಬಿಡಬೇಡ.

ಮೊದಲೆರಡು ಮಾತುಗಳು ಪುಸ್ತಕದಿಂದ ಕಲಿತವು. ಮೂರನೆಯದನ್ನು ಕಲಿಯಲು ಅವ್ವನ ಸೀರೆ ಬೇಕಾಯಿತು.